‘ನಾನು ಯಾರು?’ ಇಪ್ಪತ್ತು ಉತ್ತರ ಬರೆಯಿರಿ

ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ‘ನಾನು ಯಾರು?’ ಎಂಬ ಪ್ರಶ್ನೆಗೆ ಪುಟ್ಟ ಪುಟ್ಟ ಇಪ್ಪತ್ತು ಉತ್ತರ ಬರೆಯಿರಿ. ಹೆಚ್ಚು ಯೋಚಿಸಬೇಡಿ, ಯಾರಿಗೂ ತೋರಿಸುವುದೂ ಬೇಡ.

ಇದನ್ನು 1954ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಮ್ಯಾನ್‌ಫರ್ಡ್ ಕೂನ್ ಮತ್ತು ಥಾಮಸ್ ಮೆಕ್‌ಪಾರ್ಟ್‌ಲೆಂಡ್ ಒಂದು ಪರೀಕ್ಷೆಯಾಗಿ ಪ್ರಕಟಿಸಿದರು. ನಮ್ಮ ಬಗ್ಗೆ ನಮ್ಮ ಮನಸ್ಸಿನಲ್ಲೇ ಇರುವ ಚಿತ್ರಕ್ಕೆ ಮನಶ್ಶಾಸ್ತ್ರದಲ್ಲಿ ‘ಸ್ವ-ಪರಿಕಲ್ಪನೆ’ ಎಂದು ಹೆಸರು. ಆ ಚಿತ್ರವನ್ನು ಹೊರಗೆ ತರಲು ಇದೊಂದು ಸುಲಭದ ದಾರಿ. ಹೆಚ್ಚಿನವರು ಮೊದಲು ‘ವಿದ್ಯಾರ್ಥಿ’, ‘ಗಂಡ’, ‘ಮಗಳು’ ಎಂಬಂಥ ಗುರುತುಗಳನ್ನು ಬರೆಯುತ್ತಾರೆ. ಅವು ಮುಗಿದ ಮೇಲೆ ‘ಸಂತೋಷವಾಗಿದ್ದೇನೆ’, ‘ಬೇಸರದಲ್ಲಿದ್ದೇನೆ’ ಎಂಬ ಮಾತುಗಳು ಬರುತ್ತವೆ.

ಆದರೆ ಇರುವ ನೂರಾರು ಗುರುತುಗಳಲ್ಲಿ ಯಾವುದು ಮೊದಲು ನೆನಪಾಗುತ್ತದೆ? 1970ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವಿಲಿಯಂ ಮ್ಯಾಕ್‌ಗ್ವಾಯರ್ ಮತ್ತು ಸಂಗಡಿಗರು ಶಾಲಾ ಮಕ್ಕಳಿಗೆ ‘ನಿನ್ನ ಬಗ್ಗೆ ಹೇಳು’ ಎಂದಷ್ಟೇ ಕೇಳಿದರು. ತರಗತಿಯಲ್ಲಿ ಅಪರೂಪದ ಬಣ್ಣದ ಕೂದಲಿದ್ದವರು ಕೂದಲಿನ ವಿಷಯವನ್ನು ಹೆಚ್ಚಾಗಿ ಹೇಳಿದರು. ಬೇರೆ ದೇಶದಲ್ಲಿ ಹುಟ್ಟಿದವರು ಹುಟ್ಟಿದ ಊರನ್ನು ಹೇಳಿದರು. ಶಾಲೆಯಲ್ಲಿ ಕಡಿಮೆ ಸಂಖ್ಯೆಯಲ್ಲಿದ್ದ ಜನಾಂಗದ ಮಕ್ಕಳು ತಮ್ಮ ಜನಾಂಗವನ್ನು ಹೇಳಿದರು; ಬಹುಸಂಖ್ಯಾತ ಮಕ್ಕಳಿಗೆ ಅದು ನೆನಪಾಗಿದ್ದೇ ಅಪರೂಪ. ಸುತ್ತಲಿನವರಿಗಿಂತ ನಾವು ಯಾವುದರಲ್ಲಿ ಬೇರೆಯೋ ಅದೇ ನಮ್ಮ ಕಣ್ಣಿಗೆ ಮೊದಲು ಬೀಳುತ್ತದೆ ಎನ್ನುವುದು ಅವರ ವಾದ.

ಇದು ನಮಗೆಲ್ಲ ಚೆನ್ನಾಗಿ ಗೊತ್ತಿರುವ ಅನುಭವವೇ ಅಲ್ಲವೇ? ಹುಬ್ಬಳ್ಳಿಯ ಸಂತೆಯಲ್ಲಿ ‘ನಾನು ಕನ್ನಡಿಗ’ ಎಂದು ಯಾರಿಗೂ ಅನ್ನಿಸುವುದಿಲ್ಲ. ಮುಂಬೈನ ಲೋಕಲ್ ಗಾಡಿಯಲ್ಲಿ ಹಿಂದಿನಿಂದ ಯಾರೋ ‘ಸ್ವಲ್ಪ ಸರೀರಿ’ ಎಂದರೆ ಸಾಕು, ಕಿವಿ ನೆಟ್ಟಗಾಗುತ್ತದೆ!

ಇನ್ನು ಇಲ್ಲೇ ಹುಟ್ಟಿ ಬೆಳೆದ ನಿಮ್ಮ ಮಕ್ಕಳನ್ನು ನೋಡಿ. ಇಲ್ಲಿನ ಶಾಲೆಯಲ್ಲಿ ಅವನು ಕನ್ನಡದ ಹುಡುಗ. ರಜೆಯಲ್ಲಿ ಅಜ್ಜಿ ಮನೆಗೆ ಹೋದರೆ ಅಲ್ಲಿ ಅವನೇ ಮುಂಬೈ ಹುಡುಗ. ‘ನಾನು ಮುಂಬೈಯವನು’ ಎಂದು ನೆಂಟರ ಮುಂದೆ ಹೇಳಿಬಿಟ್ಟರೆ ತಂದೆತಾಯಿಗೆ ಮನಸ್ಸಿಗೆ ನಾಟುತ್ತದೆ, ಕೆಲವೊಮ್ಮೆ ಗದರುವುದೂ ಉಂಟು. ಗದರಬೇಡಿ. ಅವನು ನಿಮ್ಮೂರನ್ನು ತಳ್ಳಿಹಾಕಿಲ್ಲ. ಅಲ್ಲಿ ತನ್ನನ್ನು ಬೇರೆಯಾಗಿಸಿದ್ದು ಯಾವುದೋ ಅದನ್ನೇ ಹೇಳಿದ್ದಾನೆ.

ಒಂದು ಮಾತು ಮಾತ್ರ ನೆನಪಿಡಿ. ಯಾವ ಗುರುತು ಮೊದಲು ನೆನಪಾಗುತ್ತದೆ ಎಂಬುದನ್ನಷ್ಟೇ ಈ ಸಂಶೋಧನೆ ಹೇಳುತ್ತದೆ. ಅದು ಹೆಮ್ಮೆಯಾಗಿ ಬರುತ್ತದೋ ಮುಜುಗರವಾಗಿ ಬರುತ್ತದೋ ಎಂಬುದು ಬೇರೆ ಪ್ರಶ್ನೆ. ಅವನ ಕನ್ನಡದ ಉಚ್ಚಾರ ಕೇಳಿ ಊರಿನವರು ನಕ್ಕರೆ ಮುಂದಿನ ಸಲ ಅವನು ಬಾಯಿ ಬಿಡಲಿಕ್ಕಿಲ್ಲ. ತಪ್ಪಾದರೂ ಮಾತಾಡಲು ಬಿಟ್ಟರೆ ಎರಡೂ ಊರು ಅವನವೇ ಆಗುತ್ತವೆ.

ಬರೆದ ಹಾಳೆಯನ್ನು ಜೋಪಾನವಾಗಿಡಿ. ಮುಂದಿನ ಸಲ ಊರಿಗೆ ಹೋದಾಗ ಅಲ್ಲಿ ಕುಳಿತು ಮತ್ತೆ ಇಪ್ಪತ್ತು ಉತ್ತರ ಬರೆಯಿರಿ, ಮಕ್ಕಳಿಂದಲೂ ಬರೆಸಿ. ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿಕೊಳ್ಳಿ. ಎರಡರಲ್ಲಿಯೂ ಇರುವುದು ನೀವೇ.