ಟೊಮೆಟೊ ಬೇಯಿಸಿ ಬಾಟಲಿಗೆ ತುಂಬಿ ಎಣ್ಣೆ ಸುರಿದರೆ ವರ್ಷವಿಡೀ ಕೆಡುವುದಿಲ್ಲವೇ?

“ಟೊಮೆಟೊ ಬೇಯಿಸಿ, ರುಬ್ಬಿ, ಬಿಸಿ ಇರುವಾಗಲೇ ಬಾಟಲಿಗೆ ತುಂಬಿ. ಮೇಲೆ ಎರಡು ಚಮಚ ಎಣ್ಣೆ ಸುರಿದು ಮುಚ್ಚಳ ಬಿಗಿ ಮಾಡಿ. ಫ್ರಿಡ್ಜ್ ಬೇಡ, ಒಂದು ವರ್ಷ ಕೆಡುವುದಿಲ್ಲ. ಹುಳಿ ಪದಾರ್ಥ ವಿಷವಾಗುವುದೇ ಇಲ್ಲ.”

ಟೊಮೆಟೊ ಬೆಲೆ ನೆಲ ಕಚ್ಚಿದಾಗಲೆಲ್ಲ ಈ ಬಗೆಯ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತದೆ. ಕಡೂರು ತಾಲ್ಲೂಕಿನ ಚೌಳಹಿರಿಯೂರಿನಂಥ ಊರಲ್ಲಿ ಹಿತ್ತಿಲ ಹತ್ತು ಗಿಡ ಒಟ್ಟಿಗೆ ಹಣ್ಣಾದರೆ ಮನೆಯವರು ತಿಂದು, ಅಕ್ಕಪಕ್ಕದವರಿಗೆ ಹಂಚಿದರೂ ಉಳಿಯುತ್ತದೆ. ಬೆಳೆದದ್ದನ್ನು ಎಸೆಯಲು ಯಾರಿಗೂ ಮನಸ್ಸು ಬಾರದು. ಆದ್ದರಿಂದಲೇ ಈ ಸಲಹೆ ಬೇಗ ಹರಡುತ್ತದೆ. ಆದರೆ ಇದನ್ನು ನಂಬಿ ಬಾಟಲಿ ತುಂಬಿಡುವುದು ಅಪಾಯ.

ಟೊಮೆಟೊ ಹುಳಿ ಎಂಬುದು ನಿಜ. ಎಷ್ಟು ಹುಳಿ ಎಂಬುದು ಮುಖ್ಯ. ಹುಳಿಯನ್ನು ಅಳೆಯುವ ಪಿಎಚ್ ಮಾಪನದಲ್ಲಿ ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಗಾಳಿಯಾಡದಂತೆ ಮುಚ್ಚಿಡುವ ಆಹಾರಕ್ಕೆ 4.6 ಗಡಿ. ಅದಕ್ಕಿಂತ ಮೇಲಿದ್ದರೆ ಬೊಟುಲಿಸಂ ಎಂಬ ವಿಷಾಹಾರ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಟೊಮೆಟೊ ಸಾಮಾನ್ಯವಾಗಿ 4.3ರಿಂದ 4.9ರೊಳಗೆ ಇರುತ್ತದೆ, ಅಂದರೆ ಗಡಿಯ ಆಚೆಗೂ ಈಚೆಗೂ. ತೀರಾ ಮೆತ್ತಗಾದ ಹಣ್ಣು, ಒಣಗಿದ ಬಳ್ಳಿಯ ಹಣ್ಣು ಇನ್ನೂ ಕಡಿಮೆ ಹುಳಿ. ನಾವು ಬಾಟಲಿಗೆ ಹಾಕಲು ಆರಿಸುವುದು ಹೆಚ್ಚಾಗಿ ಅಂಥವನ್ನೇ! ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ ಸೇರಿದರೆ ಹುಳಿ ಮತ್ತಷ್ಟು ತಗ್ಗುತ್ತದೆ.

“ಕುದಿಸಿದ್ದೇವಲ್ಲ” ಎನ್ನಬಹುದು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದರ ಬೀಜಕಣ ಸಾಯುವುದಿಲ್ಲ. ಅದಕ್ಕೆ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಬೇಕು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಕಡೂರಿನಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಮೊದಲು ಕುಕ್ಕರ್‌ನಲ್ಲಿ ಬೇಯಿಸಿದರೂ ಬಾಟಲಿ, ಸೌಟು, ಕೈಯಿಂದ ಮತ್ತೆ ಸೇರಿಕೊಳ್ಳುತ್ತವೆ. ಇನ್ನು ಎಣ್ಣೆ: ಅದು ಗಾಳಿಯನ್ನು ತಡೆದು ಬೂಷ್ಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಆದರೆ ಬೊಟುಲಿಸಂ ಬ್ಯಾಕ್ಟೀರಿಯಾಗೆ ಬೇಕಾದದ್ದೇ ಗಾಳಿಯಿಲ್ಲದ ಜಾಗ.

ಈ ಕಾಯಿಲೆ ಅಪರೂಪ, ಗಾಬರಿ ಬೇಡ. ಆದರೆ ಬಂದರೆ ನರಗಳ ಶಕ್ತಿ ಉಡುಗಿ ಉಸಿರಾಟವೇ ನಿಲ್ಲಬಹುದು. ವಾಸನೆ, ರುಚಿಯಿಂದ ಪತ್ತೆಯೂ ಆಗದಿರಬಹುದು. ಹಾಗಾಗಿ “ಮೂಸಿ ನೋಡಿದೆ, ಚೆನ್ನಾಗೇ ಇದೆ” ಎಂಬ ಪರೀಕ್ಷೆ ಇಲ್ಲಿ ಸಾಲದು. ಮೇಲಿನ ಬೂಷ್ಟು ತೆಗೆದು ಉಳಿದದ್ದನ್ನು ಬಳಸುವ ಅಭ್ಯಾಸವೂ ಬೇಡ. ಬೂಷ್ಟು ಹುಳಿಯನ್ನು ತಿಂದು ಕಡಿಮೆ ಮಾಡಬಲ್ಲದು.

ಹಾಗಾದರೆ ಉಳಿದ ಹಣ್ಣನ್ನು ಏನು ಮಾಡುವುದು?

ನಮ್ಮ ಬಯಲುಸೀಮೆಗೆ ಹೇಳಿ ಮಾಡಿಸಿದ್ದು ಬಿಸಿಲು. ಗಟ್ಟಿ ಹಣ್ಣನ್ನು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ತೆಳು ಬಟ್ಟೆ ಮುಚ್ಚಿ ಬೇಸಿಗೆಯ ಬಿಸಿಲಲ್ಲಿ ಒಣಗಿಸಿ. ರಾತ್ರಿ ಒಳಗಿಡಿ, ಇಬ್ಬನಿ ತಾಗಬಾರದು. ಮುರಿದರೆ ಲಟಕ್ಕೆನ್ನುವಷ್ಟು ಒಣಗಿದರೆ ಡಬ್ಬಿಗೆ ಹಾಕಬಹುದು. ನೀರಿನಂಶವಿಲ್ಲದ ಕಡೆ ಸೂಕ್ಷ್ಮಜೀವಿ ಬೆಳೆಯದು. ಸಾರಿಗೆ ನಾಲ್ಕು ಚೂರು ಹಾಕಿದರೆ ಸಾಕು. ಮೋಡ ಕವಿದ ದಿನಗಳಲ್ಲಿ ಇದಕ್ಕೆ ಕೈ ಹಾಕಬೇಡಿ.

ತೊಕ್ಕು ಮಾಡುವ ಅಜ್ಜಿಯರು ಹುಣಸೆಹಣ್ಣು, ಧಾರಾಳ ಉಪ್ಪು ಹಾಕಿ ನೀರು ಇಂಗುವ ತನಕ ಬಾಡಿಸುತ್ತಿದ್ದರು. ಹುಳಿ ಏರಿ, ನೀರು ಇಳಿಯುವುದರಿಂದ ಅದು ತಡೆಯುತ್ತದೆ. “ಉಪ್ಪು ಕಡಿಮೆ, ಎಣ್ಣೆ ಕಡಿಮೆ” ಎಂದು ನಾವು ಅದನ್ನು ಹಗುರ ಮಾಡಿಕೊಂಡರೆ ಅದೇ ಬಾಳಿಕೆ ನಿರೀಕ್ಷಿಸುವಂತಿಲ್ಲ. ಅಂಥ ತೊಕ್ಕನ್ನು ಫ್ರಿಡ್ಜ್‌ನಲ್ಲಿಟ್ಟು ಒಂದೆರಡು ವಾರದಲ್ಲಿ ಮುಗಿಸಿ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮಾತ್ರ ಬೇಯಿಸಬೇಡಿ. ಹುಳಿಗೆ ತಾಮ್ರ ಕರಗುತ್ತದೆ.

ಫ್ರೀಜರ್ ಇದ್ದರೆ ಬೇಯಿಸಿ ರುಬ್ಬಿದ್ದನ್ನು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಚೀಲಕ್ಕೆ ತುಂಬಿ, ಕೆಲವು ತಿಂಗಳು ಇಡಬಹುದು. ಕರೆಂಟ್ ಹೋಗಿ ಪೂರ್ತಿ ಕರಗಿದರೆ ಅಂದೇ ಅಡುಗೆಗೆ ಬಳಸಿ.

ಬಾಟಲಿಯಲ್ಲೇ ಇಡಬೇಕೆಂದರೆ ಲೀಟರಿಗೆ ಅರ್ಧ ಟೀ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸೇರಿಸಬೇಕು. ಸೀಲ್ ಆಗುವ ವಿಶೇಷ ಮುಚ್ಚಳದ ಜಾಡಿ ಬೇಕು, ತುಂಬಿದ ಜಾಡಿಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿಡಬೇಕು. ನಮ್ಮ ಎತ್ತರದಲ್ಲಿ ಒಂದು ಲೀಟರ್ ಜಾಡಿಗೆ 50 ನಿಮಿಷ. ಖಾಲಿಯಾದ ಜಾಮ್ ಬಾಟಲಿ ಇದಕ್ಕೆ ಆಗದು.