ಆಟಕ್ಕೆ ಸೇರಿಸಿಕೊಳ್ಳದಿದ್ದರೆ ಮಿದುಳಿಗೆ ಏನಾಗುತ್ತೆ?

‘ಅಷ್ಟು ಜನ ಇದ್ರೂ ನನ್ನನ್ನ ಯಾರೂ ಮಾತಾಡಿಸಲೇ ಇಲ್ಲ’ ಅಂತ ಯಾರಾದರೂ ಬೇಜಾರು ಮಾಡಿಕೊಂಡರೆ ನಾವೇನು ಹೇಳ್ತೀವಿ? ‘ಅಷ್ಟಕ್ಕೆಲ್ಲ ಮನಸ್ಸಿಗೆ ಹಚ್ಚಿಕೊಳ್ತಾರಾ, ಬಿಡು’ ಅಂತೀವಿ. ಆದರೆ ಬಿಡೋದು ಅಷ್ಟು ಸುಲಭ ಅಲ್ಲ. ಯಾಕೆ ಅಂತ ಇವತ್ತು ನೋಡೋಣ.

ಕಿಪ್ಲಿಂಗ್ ವಿಲಿಯಮ್ಸ್ ಅಮೆರಿಕದ ಮನಶ್ಶಾಸ್ತ್ರಜ್ಞ. ಒಮ್ಮೆ ಪಾರ್ಕಿನಲ್ಲಿದ್ದಾಗ ಇಬ್ಬರು ಅಪರಿಚಿತರು ಆಡುತ್ತಿದ್ದ ಫ್ರಿಸ್ಬೀ ತಟ್ಟೆ ಅವರ ಬಳಿ ಬಂದು ಬಿತ್ತು. ಅವರು ವಾಪಸ್ ಎಸೆದರು, ಆ ಇಬ್ಬರು ಮತ್ತೆ ಇವರಿಗೆ ಎಸೆದರು. ಸ್ವಲ್ಪ ಹೊತ್ತು ಮೂವರ ಆಟ ನಡೀತು. ಆಮೇಲೆ ಇದ್ದಕ್ಕಿದ್ದಂತೆ ಇವರಿಗೆ ಎಸೆಯೋದೇ ನಿಂತುಹೋಯ್ತು. ಗುರುತು ಪರಿಚಯ ಇಲ್ಲದವರು, ಆದರೂ ನೋವಾಯ್ತು. ಈ ಅನುಭವವೇ ಮುಂದೆ ‘ಸೈಬರ್‌ಬಾಲ್’ ಎಂಬ ಸರಳ ಕಂಪ್ಯೂಟರ್ ಆಟವಾಯಿತು. ಪರದೆಯ ಮೇಲೆ ಮೂವರು ಚೆಂಡು ಎಸೆದಾಡುತ್ತಾರೆ. ಕೆಲವು ಎಸೆತಗಳ ನಂತರ ನಿಮಗೆ ಚೆಂಡು ಬರುವುದೇ ಇಲ್ಲ.

ನಯೋಮಿ ಐಸೆನ್‌ಬರ್ಗರ್, ಮ್ಯಾಥ್ಯೂ ಲೀಬರ್‌ಮನ್ ಮತ್ತು ವಿಲಿಯಮ್ಸ್ 13 ಜನರಿಗೆ ಈ ಆಟ ಆಡಿಸಿ, ಆಗಲೇ ಅವರ ಮಿದುಳಿನ ಎಫ್‌ಎಂಆರ್‌ಐ ಸ್ಕ್ಯಾನ್ ತೆಗೆದರು. ಫಲಿತಾಂಶ 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಚೆಂಡು ಸಿಗದಾದಾಗ ಆಂಟೀರಿಯರ್ ಸಿಂಗ್ಯುಲೇಟ್ ಕಾರ್ಟೆಕ್ಸ್ ಎಂಬ ಭಾಗ ಚುರುಕಾಗಿತ್ತು. ದೈಹಿಕ ನೋವಿನ ಸಂಕಟದ ಜೊತೆಗೂ ನಂಟಿರುವ ಜಾಗ ಇದು. ಹೆಚ್ಚು ನೊಂದವರಲ್ಲಿ ಚಟುವಟಿಕೆಯೂ ಹೆಚ್ಚು. ಹಣೆಯ ಹಿಂದೆ, ಬಲಬದಿಯ ಇನ್ನೊಂದು ಭಾಗ ಹೆಚ್ಚು ಕೆಲಸ ಮಾಡಿದವರಲ್ಲಿ ಸಂಕಟ ಕಡಿಮೆ ಇತ್ತು. ಅದು ಸಮಾಧಾನಪಡಿಸುವ ಭಾಗ ಅಂದುಕೊಳ್ಳಿ.

ಇನ್ನೊಂದು ಸ್ವಾರಸ್ಯ ಕೇಳಿ. ‘ಎದುರಿಗಿರೋದು ಮನುಷ್ಯರಲ್ಲ, ಕಂಪ್ಯೂಟರ್’ ಅಂತ ಮೊದಲೇ ಹೇಳಿ ಆಡಿಸಿದ ಪ್ರಯೋಗ 2004ರಲ್ಲಿ ಪ್ರಕಟವಾಯಿತು. ಆಗಲೂ ಜನರಿಗೆ ಬೇಜಾರಾಗಿತ್ತು! ಅಂದರೆ, ಹೊರಗಿಟ್ಟವರು ಯಾರು, ಯಾಕೆ ಅಂತ ವಿಚಾರಿಸುವ ಮೊದಲೇ ಮನಸ್ಸಿಗೆ ಚುರುಕ್ ಅನ್ನುತ್ತೆ. ಗುಂಪಿನಿಂದ ಹೊರಬಿದ್ದರೆ ಬದುಕೇ ಕಷ್ಟ ಎನ್ನುವ ಕಾಲದಲ್ಲಿ ರೂಪುಗೊಂಡ ಎಚ್ಚರಿಕೆ ಗಂಟೆ ಇದು ಅನ್ನೋದು ವಿಜ್ಞಾನಿಗಳ ವಿವರಣೆ.

ಹಾಗಂತ ಮನಸ್ಸಿನ ನೋವು, ಮೈನೋವು ಎರಡೂ ಒಂದೇನಾ? ಅಲ್ಲ. 2014ರ ಇನ್ನೊಂದು ಅಧ್ಯಯನ, ಒಂದೇ ಭಾಗದೊಳಗೂ ಎರಡರ ಚಟುವಟಿಕೆಯ ವಿನ್ಯಾಸ ಬೇರೆ ಬೇರೆ ಎಂದು ತೋರಿಸಿತು. ಒಂದೇ ಬೀದಿ, ಬೇರೆ ಮನೆ ಅನ್ನಬಹುದು.

ಈಗ ನೋಡ್ತಾ ನಿಂತವರ ವಿಷಯ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಯಾರಿ ಮಾಸ್ಟೆನ್ ಮತ್ತು ಸಂಗಡಿಗರು, ಬೇರೊಬ್ಬರನ್ನು ಆಟದಿಂದ ಹೊರಗಿಡುವುದನ್ನು ಜನರಿಗೆ ತೋರಿಸಿದರು. ನೋಡುಗರಲ್ಲಿ, ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವ ಭಾಗಗಳು ಎಚ್ಚೆತ್ತವು. ಹೆಚ್ಚು ಮರುಕದ ಸ್ವಭಾವದವರಲ್ಲಿ ನೋವಿನ ಭಾಗಗಳೂ ಚುರುಕಾದವು. ಆಮೇಲೆ ಆಟಗಾರರಿಗೆ ಇ–ಮೇಲ್ ಬರೆಯಲು ಹೇಳಿದಾಗ, ಇಂಥ ಚಟುವಟಿಕೆ ಹೆಚ್ಚಿದ್ದವರ ಪತ್ರಗಳಲ್ಲಿ ನೊಂದವರಿಗೆ ಸಾಂತ್ವನವೂ ಹೆಚ್ಚಿತ್ತು.

ಅಂದರೆ, ತರಗತಿಯಲ್ಲಿ ಒಂದು ಮಗುವನ್ನು, ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಒಟ್ಟಾದಾಗ, ನೋಡುವ ನಮಗೂ ಕಸಿವಿಸಿ ಆದರೆ ಅದನ್ನ ತಳ್ಳಿಹಾಕಬೇಡಿ. ‘ಬಾ, ಇಲ್ಲೇ ಕೂತ್ಕೋ’ ಅಂತ ಕರೆಯೋಕೆ ಅದೇ ಸೂಚನೆ. ಹಾಗೇನೇ, ನೊಂದವರಿಗೆ ‘ಬಿಡು’ ಅನ್ನೋ ಬದಲು ‘ಏನಾಯ್ತು?’ ಅಂತ ಕೇಳೋಣ.