ಅಟ್ಟದ ಮೇಲಿನ ಹಣ: ಬಳಸಿದ ವಸ್ತುಗಳ ಮರುಮಾರಾಟದಿಂದ ಉಪ ಆದಾಯ

ಮಧ್ಯಮ ವರ್ಗದ ಗೃಹಸ್ಥರ ತಿಂಗಳ ಲೆಕ್ಕದಲ್ಲಿ ಆದಾಯದ ಬಾಬು ಒಂದೇ, ಖರ್ಚಿನ ಬಾಬುಗಳು ಹತ್ತಾರು. ಮಕ್ಕಳ ಶಾಲಾ ಶುಲ್ಕ, ಮನೆ ಬಾಡಿಗೆ, ಹಿರಿಯರ ಔಷಧೋಪಚಾರ, ಬಂಧುಗಳ ಮನೆಯ ಮದುವೆ, ನಾಮಕರಣಗಳ ನಡುವೆ ಸಂಬಳವು ತಿಂಗಳ ಇಪ್ಪತ್ತನೆಯ ತಾರೀಖಿಗೇ ಕರಗಿಹೋಗುವುದು ಅನೇಕರ ಅನುಭವ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಸರಿಯಾದುದೇ. ಆದರೆ ಅದೇ ಮನೆಯ ಅಟ್ಟದ ಮೇಲೆ, ಮಂಚದ ಕೆಳಗೆ, ಕಪಾಟಿನ ಮೂಲೆಯಲ್ಲಿ ಎಷ್ಟು ಹಣ ಧೂಳು ಹಿಡಿದು ಕುಳಿತಿದೆಯೆಂಬುದನ್ನು ನಾವು ಲೆಕ್ಕ ಹಾಕುವುದು ಅಪರೂಪ. ಮಗು ಬೆಳೆದ ಮೇಲೆ ಬೇಡವಾದ ತೊಟ್ಟಿಲು, ಉತ್ಸಾಹದಿಂದ ಕೊಂಡು ಬಟ್ಟೆ ಒಣಹಾಕುವುದಕ್ಕಷ್ಟೇ ಬಳಕೆಯಾಗುತ್ತಿರುವ ವ್ಯಾಯಾಮದ ಸೈಕಲ್ಲು, ಎರಡನೆಯದಾಗಿ ಉಡುಗೊರೆ ಬಂದ ಮಿಕ್ಸರು, ಹೀಗೆ ಪಟ್ಟಿ ಬೆಳೆಯುತ್ತ ಹೋಗುತ್ತದೆ.

ಬಳಸಿದ ವಸ್ತುಗಳ ವ್ಯಾಪಾರ ನಮ್ಮಲ್ಲಿ ಹೊಸತೇನೂ ಅಲ್ಲ. ಹಳೆಯ ಬಟ್ಟೆಗೆ ಸ್ಟೀಲು ಪಾತ್ರೆ ಕೊಡುವ ಹೆಂಗಸರು ಬೀದಿ ಬೀದಿಗೆ ಬರುತ್ತಿದ್ದುದನ್ನು ನಡುವಯಸ್ಸಿನವರೆಲ್ಲ ಕಂಡಿದ್ದಾರೆ. ಮೈಸೂರು ಸೀಮೆಯವರ ಗುಜರಿ, ಬೆಳಗಾವಿ, ಹುಬ್ಬಳ್ಳಿಯ ಕಡೆಯವರ ಮೋಡಕಾ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು, ಇವೆಲ್ಲವೂ ಇದೇ ವ್ಯಾಪಾರದ ರೂಪಗಳು. ಬದಲಾಗಿರುವುದು ಕೊಳ್ಳುವವರನ್ನು ಹುಡುಕುವ ಬಗೆ. 2006ರಲ್ಲಿ ಆರಂಭವಾದ ಓಎಲ್‌ಎಕ್ಸ್ ಜಾಲತಾಣ, 2017ರಲ್ಲಿ ಭಾರತಕ್ಕೆ ಬಂದ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಬಡಾವಣೆ ಮತ್ತು ವಸತಿ ಸಮುಚ್ಚಯಗಳ ವಾಟ್ಸ್‌ಆ್ಯಪ್ ಬಳಗಗಳು ಇವುಗಳಿಂದಾಗಿ ವಸ್ತು ಬೇಕಾದವರೂ ಬೇಡವಾದವರೂ ಒಂದೇ ಊರಿನಲ್ಲಿ ನೇರವಾಗಿ ಸಂಧಿಸುವಂತಾಗಿದೆ. ಗುಜರಿಯವನು ಮೇಜನ್ನು ತೂಕಕ್ಕೆ ಕೊಳ್ಳುತ್ತಾನೆ. ಓದುವ ಮಗುವಿನ ತಂದೆ ಅದನ್ನು ಮೇಜಾಗಿಯೇ ಕೊಳ್ಳುತ್ತಾನೆ. ಈ ಎರಡು ಬೆಲೆಗಳ ನಡುವಿನ ಅಂತರವೇ ಉಪ ಆದಾಯದ ಮೂಲ.

ಮೊದಲ ಸರಕು ಸ್ವಂತ ಮನೆಯದೇ

ಈ ಉದ್ಯೋಗಕ್ಕೆ ಇಳಿಯಬಯಸುವವರು ಬಂಡವಾಳಕ್ಕಾಗಿ ಸಾಲ ಮಾಡಬೇಕಾದ ಅಗತ್ಯವಿಲ್ಲ, ಮಾಡಲೂ ಬಾರದು. ಒಂದು ವರ್ಷದಿಂದ ಕೈ ಮುಟ್ಟದ ಹತ್ತು ವಸ್ತುಗಳನ್ನು ಮನೆಯವರೆಲ್ಲರ ಒಪ್ಪಿಗೆಯೊಂದಿಗೆ ಆರಿಸಿ ಮಾರುವುದೇ ಮೊದಲ ಪಾಠ. ಛಾಯಾಚಿತ್ರ ತೆಗೆಯುವುದು, ಬೆಲೆ ಕಟ್ಟುವುದು, ಚೌಕಾಸಿಗೆ ಉತ್ತರ ಹೇಳುವುದು, ಬರುತ್ತೇನೆಂದು ಹೇಳಿ ಬಾರದವರನ್ನು ತಾಳ್ಮೆಯಿಂದ ಸಹಿಸುವುದು, ಇವೆಲ್ಲ ಈ ಹತ್ತು ವಸ್ತುಗಳಲ್ಲಿಯೇ ಕಲಿತು ಮುಗಿಯುತ್ತವೆ. ಅವುಗಳಿಂದ ಬಂದ ಹಣವನ್ನಷ್ಟೇ ಮುಂದಿನ ಖರೀದಿಗೆ ತೊಡಗಿಸಿದರೆ ಸಂಸಾರದ ಹಣಕ್ಕೆ ಕೈ ಹಾಕುವ ಪ್ರಸಂಗ ಬರುವುದಿಲ್ಲ.

ಬೆಲೆ ಕಟ್ಟುವಾಗ ನಾವು ಕೊಂಡ ಬೆಲೆಯನ್ನು ಮನಸ್ಸಿನಿಂದ ತೆಗೆದುಹಾಕಬೇಕು. ಅದೇ ವಸ್ತು ಹೊಸದಾಗಿ, ರಿಯಾಯಿತಿ ಮಾರಾಟದ ದಿನಗಳಲ್ಲಿ, ಇಂದು ಎಷ್ಟಕ್ಕೆ ಸಿಗುತ್ತದೆ ಎಂಬುದೇ ಅಳತೆಗೋಲು. ನಿಮ್ಮ ಊರಿನಲ್ಲಿ ಅಂಥದೇ ವಸ್ತುವಿಗೆ ಇತರರು ಕೇಳುತ್ತಿರುವ ಬೆಲೆಯನ್ನೂ ಗಮನಿಸಬೇಕು. ಆದರೆ ಕೇಳುವ ಬೆಲೆ ಬೇರೆ, ಮಾರಾಟವಾಗುವ ಬೆಲೆ ಬೇರೆ. ತಿಂಗಳುಗಟ್ಟಲೆ ಹಾಗೆಯೇ ಉಳಿದ ಜಾಹೀರಾತಿನ ಬೆಲೆ ಯಾರಿಗೂ ಒಪ್ಪಿಗೆಯಾಗಿಲ್ಲವೆಂದೇ ಅರ್ಥ.

ಲಾಭವಿರುವುದು ಕೊಳ್ಳುವಾಗ

ಸ್ವಂತ ಮನೆಯ ಸರಕು ಮುಗಿದ ಮೇಲೆ ಕೊಂಡು ಮಾರುವ ಹಂತ ಬರುತ್ತದೆ. ಮಾರುವಾಗ ಜಾಣತನ ತೋರಿ ಹೆಚ್ಚು ಗಳಿಸಬಹುದೆಂದು ಹೊಸಬರು ಭಾವಿಸುತ್ತಾರೆ. ವಾಸ್ತವವಾಗಿ ಲಾಭ ನಿರ್ಧಾರವಾಗುವುದು ಕೊಳ್ಳುವ ಕ್ಷಣದಲ್ಲಿ. ಬೆಂಗಳೂರಿನಂಥ ನಗರದಲ್ಲಿ ಬಾಡಿಗೆ ಮನೆಯ ಕೀಲಿಕೈ ಒಪ್ಪಿಸಬೇಕಾದವರು ತಿಂಗಳ ಕೊನೆಯ ವಾರದಲ್ಲಿ ಸಾಮಾನನ್ನು ಬೇಗ ವಿಲೇವಾರಿ ಮಾಡಬಯಸುತ್ತಾರೆ. ಶಾಲಾ ವರ್ಷ ಮುಗಿಯುವ ಏಪ್ರಿಲ್, ಮೇ ತಿಂಗಳುಗಳಲ್ಲಿ ವರ್ಗಾವಣೆಯಾದವರು, ವಿದ್ಯಾರ್ಥಿನಿಲಯ ಬಿಡುವವರು ಹೆಚ್ಚು. ಅದೇ ಮೇಜು, ಕುರ್ಚಿ, ಸೈಕಲ್ಲುಗಳಿಗೆ ಜೂನ್ ತಿಂಗಳಿನಲ್ಲಿ ಬೇಡಿಕೆ ಏರುತ್ತದೆ. ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ. ದಸರೆ, ದೀಪಾವಳಿಗೆ ಮುಂಚೆ ಮನೆ ಸ್ವಚ್ಛಗೊಳಿಸುವವರು ಹೆಚ್ಚು. ಋತುಮಾನವನ್ನು ರೈತನು ಅರಿತಿರುವಂತೆ ಈ ವ್ಯಾಪಾರಿಯೂ ಅರಿತಿರಬೇಕು.

ವಸ್ತುವಿನ ಪರೀಕ್ಷೆ ಇನ್ನೊಂದು ವಿದ್ಯೆ. ತೇಗದ ಪೀಠೋಪಕರಣವನ್ನು ಉಜ್ಜಿ ಹೊಳಪು ಕೊಟ್ಟರೆ ಮತ್ತೆ ಹೊಸದರಂತಾಗುತ್ತದೆ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ತಯಾರಿಸಿದ ಪಾರ್ಟಿಕಲ್ ಬೋರ್ಡು ಹಾಗಲ್ಲ. ಅದು ನೀರು ತಾಗಿದರೆ ಉಬ್ಬುತ್ತದೆ, ಬಿಚ್ಚಿ ಜೋಡಿಸಿದರೆ ತಿರುಪುಗಳು ಹಿಡಿತ ಕಳೆದುಕೊಳ್ಳುತ್ತವೆ. ಆದುದರಿಂದ ಹಿಂಬದಿಯ ಅಂಚು ಮತ್ತು ಕಾಲುಗಳ ತಳವನ್ನು ನೋಡದೆ ಕೊಳ್ಳಬಾರದು. ಸೂಜಿಮೊನೆಯಂಥ ರಂಧ್ರಗಳೂ ಅವುಗಳ ಕೆಳಗೆ ಸಣ್ಣ ಹಿಟ್ಟಿನಂಥ ಪುಡಿಯೂ ಕಂಡರೆ ಹುಳು ಕೊರೆಯುತ್ತಿದೆಯೆಂದು ತಿಳಿಯಬೇಕು. ಹಾಸಿಗೆ, ದಿಂಬುಗಳ ವ್ಯಾಪಾರವನ್ನು ಬಿಟ್ಟುಬಿಡುವುದೇ ಲೇಸು. ಹೊಲಿಗೆಯ ಸಂದಿನಲ್ಲಿ ತಿಗಣೆ ಬಂದರೆ ಗಳಿಸಿದ್ದೆಲ್ಲ ಔಷಧಿಗೇ ವೆಚ್ಚವಾಗುತ್ತದೆ.

ಪಠ್ಯಪುಸ್ತಕಗಳಲ್ಲಿ ಆವೃತ್ತಿಯೇ ಬೆಲೆ. ಎನ್‌ಸಿಇಆರ್‌ಟಿಯು 2024ರಲ್ಲಿ 3 ಮತ್ತು 6ನೆಯ ತರಗತಿಗಳಿಗೆ, 2025ರಲ್ಲಿ 4, 5, 7 ಮತ್ತು 8ನೆಯ ತರಗತಿಗಳಿಗೆ ಹೊಸ ಪುಸ್ತಕಗಳನ್ನು ತಂದಿತು. ಆ ತರಗತಿಗಳ ಹಳೆಯ ಪುಸ್ತಕಗಳನ್ನು ಕೊಂಡಿಟ್ಟವರ ಪಾಲಿಗೆ ಅವು ರದ್ದಿಯಾದವು. ಪ್ರವೇಶ ಪರೀಕ್ಷೆಯ ಪುಸ್ತಕಗಳಿಗೂ ಇದೇ ನಿಯಮ. ನೀಟ್ ಪಠ್ಯಕ್ರಮ 2024ರ ಪರೀಕ್ಷೆಗೆ ಪರಿಷ್ಕೃತವಾಯಿತು. ಅದಕ್ಕೆ ಹಿಂದಿನ ಪುಸ್ತಕವನ್ನು ಮಾರುವವರು ಆ ಸಂಗತಿಯನ್ನು ವಿದ್ಯಾರ್ಥಿಗೆ ತಿಳಿಸಿಯೇ ಮಾರಬೇಕು.

ಒಂದು ಲೆಕ್ಕ

ಓದುವ ಮೇಜೊಂದನ್ನು 1,500 ರೂಪಾಯಿಗೆ ಕೊಂಡಿರೆಂದು ಇಟ್ಟುಕೊಳ್ಳೋಣ. ಗೂಡ್ಸ್ ಆಟೋ ಬಾಡಿಗೆ 400, ಮರಳು ಕಾಗದ, ಪಾಲಿಷು, ತಿರುಪುಗಳಿಗೆ 250. ಅದು 2,800 ರೂಪಾಯಿಗೆ ಮಾರಾಟವಾದರೆ 1,300 ರೂಪಾಯಿ ಲಾಭವೆಂದು ಮೇಲುನೋಟಕ್ಕೆ ತೋರುತ್ತದೆ. ನಿಜವಾಗಿ ಉಳಿಯುವುದು 650. ನೋಡಿಬರಲು, ತರಲು, ದುರಸ್ತಿ ಮಾಡಲು, ಬಂದವರಿಗೆ ತೋರಿಸಲು ಐದು ಗಂಟೆ ವ್ಯಯವಾಗಿದ್ದರೆ ಗಂಟೆಗೆ ದೊರೆತದ್ದು 130 ರೂಪಾಯಿ. ಇದೇ ಮೇಜು ಎರಡು ತಿಂಗಳು ಮಾರಾಟವಾಗದೆ ಪಡಸಾಲೆಯಲ್ಲಿ ನಿಂತು, ಕೊನೆಗೆ 2,000ಕ್ಕೆ ಹೋದರೆ 150 ರೂಪಾಯಿ ಕೈಬಿಟ್ಟಂತೆ. ಈ ಆದಾಯ ಸಣ್ಣದು, ಆದರೆ ನಿಜವಾದದ್ದು. ತಿಂಗಳಿಗೆ ನಾಲ್ಕಾರು ವಸ್ತುಗಳಿಂದ ಮಕ್ಕಳ ಪಾಠದ ಶುಲ್ಕವೋ ಅಡುಗೆ ಅನಿಲದ ಖರ್ಚೋ ನೀಗಬಹುದು. ಸಂಬಳಕ್ಕೆ ಬದಲಿಯಾಗುತ್ತದೆಂದು ನಂಬಿ ಉದ್ಯೋಗ ಬಿಡುವುದು ಅವಿವೇಕ. ಒಂದು ಅಟ್ಟ ಅಥವಾ ಒಂದು ಕೋಣೆಯ ಮೂಲೆ, ಇಷ್ಟಕ್ಕೇ ದಾಸ್ತಾನು ಎಂಬ ಎಲ್ಲೆಯನ್ನು ಮೊದಲೇ ಹಾಕಿಕೊಳ್ಳಬೇಕು. ಮನೆಯೇ ಗೋದಾಮಾದರೆ ಗಳಿಕೆಗಿಂತ ಮನಸ್ತಾಪವೇ ಹೆಚ್ಚು.

ಕುಂದನ್ನು ಮೊದಲು ಹೇಳಿ

ದೂರದೂರಿಗೆ ಅಂಚೆಯಲ್ಲಿ ಕಳುಹಿಸುವ ವ್ಯಾಪಾರಕ್ಕೂ ಸ್ಥಳೀಯ ಮಾರಾಟಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಇಲ್ಲಿ ಕೊಳ್ಳುವವನು ನಿಮ್ಮ ಬಾಗಿಲಿಗೆ ಬಂದು ಕಣ್ಣಾರೆ ನೋಡಿ ಹಣ ಕೊಡುತ್ತಾನೆ. ಮುಚ್ಚಿಟ್ಟ ಬಿರುಕು ಬಾಗಿಲಲ್ಲೇ ಬಯಲಾಗುತ್ತದೆ. ಆಗ ಅವನು ಆ ಬಿರುಕಿನ ಬೆಲೆಯ ಜೊತೆಗೆ ನಿಮ್ಮ ಮಾತಿನ ಬೆಲೆಯನ್ನೂ ಕಳೆದು ಕೇಳುತ್ತಾನೆ. “ಎಡಗಾಲಿನ ಬಳಿ ಗೀರು ಇದೆ, ಚಿತ್ರ ನೋಡಿ, ಡ್ರಾಯರ್ ಬಿಗಿಯಾಗಿದೆ” ಎಂದು ಮೊದಲೇ ಬರೆದವರ ಮನೆಗೆ ಬರುವವರು ಕಡಿಮೆಯಿರಬಹುದು. ಆದರೆ ಬಂದವರು ಬರಿಗೈಯಲ್ಲಿ ಹಿಂದಿರುಗುವುದು ವಿರಳ. ಹಗಲು ಬೆಳಕಿನಲ್ಲಿ ತೆಗೆದ ನಾಲ್ಕು ಚಿತ್ರಗಳು, ಉದ್ದ, ಅಗಲ, ಎತ್ತರದ ಅಳತೆ, ಕೊಂಡ ವರ್ಷ, ಮಾರುವ ಕಾರಣ, ರಸೀದಿ ಇದೆಯೋ ಇಲ್ಲವೋ, ಇಷ್ಟಿದ್ದರೆ ಅರ್ಧ ಪ್ರಶ್ನೆಗಳು ಏಳುವುದೇ ಇಲ್ಲ.

ಊರೊಳಗಿನ ವ್ಯಾಪಾರದಲ್ಲಿ ಹೆಸರೇ ಬಂಡವಾಳ. ದಾವಣಗೆರೆಯಂಥ ಊರಿನಲ್ಲಿ ಒಂದು ಬಡಾವಣೆಯ ಬಳಗದಲ್ಲಿ ಹೇಳಿದ ಸುಳ್ಳು ಮರುದಿನ ಇನ್ನೊಂದು ಬಡಾವಣೆಯನ್ನು ತಲುಪಿರುತ್ತದೆ. ಕೊಳ್ಳುವಾಗಲೂ ಇದೇ ನೀತಿ. ಸಂಕಟದಲ್ಲಿ ಮಾರುತ್ತಿರುವವರ ಕಣ್ಣೀರಿನ ಮೇಲೆ ಬೆಲೆ ಇಳಿಸುವುದು ವ್ಯಾಪಾರವಲ್ಲ.

ಹಣ ಬರಲು ಪಿನ್ ಬೇಡ

ಈ ಕ್ಷೇತ್ರದಲ್ಲಿ ಸುಳ್ಳು ಹೇಳುವವರು ಮಾರುವವರ ಕಡೆಯಲ್ಲಿ ಮಾತ್ರವೇ ಇಲ್ಲ. ಜಾಹೀರಾತು ಹಾಕಿದ ಕೆಲವೇ ನಿಮಿಷಗಳಲ್ಲಿ ಕರೆ ಬರುತ್ತದೆ. ತಾನು ಸೇನೆಯಲ್ಲಿರುವುದಾಗಿಯೂ, ವರ್ಗಾವಣೆಯ ಅವಸರದಲ್ಲಿರುವುದಾಗಿಯೂ ಹೇಳುವ ಆ ವ್ಯಕ್ತಿ ವಸ್ತುವನ್ನು ನೋಡದೆಯೇ, ಚೌಕಾಸಿ ಮಾಡದೆಯೇ ಪೂರ್ಣ ಬೆಲೆಗೆ ಒಪ್ಪುತ್ತಾನೆ. ಬಳಿಕ ಒಂದು ಕ್ಯೂಆರ್ ಸಂಕೇತವನ್ನು ಕಳುಹಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುವುದೆನ್ನುತ್ತಾನೆ. ಒತ್ತಿದೊಡನೆ ಹಣ ಹೋಗುತ್ತದೆ. 2016ರಲ್ಲಿ ಯುಪಿಐ ಬಂದಂದಿನಿಂದ ಇಂದಿನವರೆಗೆ ಒಂದು ನಿಯಮ ಬದಲಾಗಿಲ್ಲ: ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕೆ ಎಂದಿಗೂ ಅಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕೋರಿಕೆಯ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದ್ದರೂ ಕ್ಯೂಆರ್ ಸಂಕೇತದ ಮೋಸಕ್ಕೆ ದಾರಿ ತೆರೆದೇ ಇದೆ. ಮನೆಯ ಹಿರಿಯರಿಗೂ ಮಕ್ಕಳಿಗೂ ಈ ಒಂದು ಮಾತನ್ನು ಬಾಯಿಪಾಠ ಮಾಡಿಸಬೇಕು.

ಹಣ ಬಂದಿತೆಂದು ತೋರಿಸುವ ಪರದೆಯ ಚಿತ್ರವನ್ನು ನಂಬದೆ, ನಿಮ್ಮ ಬ್ಯಾಂಕ್ ಖಾತೆಯಲ್ಲಿ ಜಮೆಯಾದುದನ್ನು ನೋಡಿದ ಮೇಲೆಯೇ ವಸ್ತುವನ್ನು ಹೊರಡಿಸಬೇಕು. ಮೋಸವಾದರೆ ನಾಚಿಕೆಯಿಂದ ಸುಮ್ಮನಿರದೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಸರಿದುಹೋಗುತ್ತದೆ. ಗೃಹಿಣಿಯರು ಒಂಟಿಯಾಗಿರುವಾಗ ಅಪರಿಚಿತರನ್ನು ಒಳಗೆ ಕರೆಯದೆ ಗೇಟಿನ ಬಳಿಯಲ್ಲೋ ಸಮುಚ್ಚಯದ ಕಾವಲುಗಾರನ ಎದುರಿನಲ್ಲೋ ವ್ಯವಹಾರ ಮುಗಿಸುವುದು ಕ್ಷೇಮ.

ಕೈ ಹಾಕಬಾರದ ವಸ್ತುಗಳು

ಅತಿ ಅಗ್ಗದ ಮೊಬೈಲ್ ಎಂದರೆ ಸಂಶಯ ಪಡಲೇಬೇಕು. *#06# ಒತ್ತಿದರೆ ಬರುವ ಐಎಂಇಐ ಸಂಖ್ಯೆಯನ್ನು ಕೇಂದ್ರ ಸರಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಪರೀಕ್ಷಿಸಬಹುದು. ಕಳವಿನ ಮಾಲೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ನಿಮ್ಮದೇ ಮೊಬೈಲ್ ಮಾರುವುದಾದರೆ ಖಾತೆಗಳನ್ನು ತೆಗೆದು, ಎಲ್ಲ ಮಾಹಿತಿಯನ್ನು ಅಳಿಸಿ, ಸಿಮ್ ಕಾರ್ಡನ್ನು ಹೊರತೆಗೆದೇ ಕೊಡಬೇಕು. ಮೋಟಾರು ವಾಹನಗಳ ಗೊಡವೆ ಹೊಸಬರಿಗೆ ಬೇಡ. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಅಡುಗೆ ಅನಿಲದ ಸಿಲಿಂಡರು ಕಂಪನಿಯ ಸ್ವತ್ತು. ಅದನ್ನು ಮಾರುವ ಹಕ್ಕು ಗ್ರಾಹಕರಿಗಿಲ್ಲ. ದಂತದ ಸಾಮಾನುಗಳ ವ್ಯಾಪಾರ ನಿಷಿದ್ಧ.

ಹಳೆಯ ಮನೆತನದವರು ಇನ್ನೊಂದನ್ನೂ ನೆನಪಿಡಬೇಕು. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷಕ್ಕೂ ಹಳೆಯದಾದ ವಿಗ್ರಹ ಮತ್ತು ಕಲಾವಸ್ತುಗಳನ್ನು, ಎಪ್ಪತ್ತೈದು ವರ್ಷಕ್ಕೂ ಹಳೆಯದಾದ ಮಹತ್ತ್ವದ ಹಸ್ತಪ್ರತಿಗಳನ್ನು ಪರವಾನಗಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಅಟ್ಟದ ಮೇಲೆ ತಾಡವೋಲೆಯ ಕಟ್ಟು ಸಿಕ್ಕರೆ ಅದಕ್ಕೆ ಬೆಲೆ ಕಟ್ಟುವ ಬದಲು 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಅಥವಾ 1939ರಲ್ಲಿ ಸ್ಥಾಪಿತವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥ ಕೇಂದ್ರದ ವಿದ್ವಾಂಸರಿಗೆ ತೋರಿಸುವುದು ಉಚಿತ.

ಲೆಕ್ಕದ ಪುಸ್ತಕ

ಮನೆಯಲ್ಲಿ ಬಳಸಿದ ಮಂಚ, ಪಾತ್ರೆ, ಬಟ್ಟೆಗಳನ್ನು ಮಾರಿದರೆ ಆದಾಯ ತೆರಿಗೆಯವರು ಅದನ್ನು ಬಂಡವಾಳ ಲಾಭವೆಂದು ಎಣಿಸುವುದಿಲ್ಲ. ಚಿನ್ನಾಭರಣಕ್ಕೆ ಈ ವಿನಾಯಿತಿ ಇಲ್ಲ. ಆದರೆ ಮಾರುವ ಉದ್ದೇಶದಿಂದಲೇ ಕೊಂಡು ಮಾರಿದರೆ ಉಳಿದದ್ದು ವ್ಯಾಪಾರದ ಆದಾಯ. ಅದನ್ನು ತೆರಿಗೆ ವಿವರಣೆಯಲ್ಲಿ ತೋರಿಸಬೇಕು. ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳನ್ನು ಆಧರಿಸಿ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ, ಲೆಕ್ಕವಿಟ್ಟವರು ಉತ್ತರ ಕೊಡಲು ಶಕ್ತರಾದರು, ಇಡದವರು ಚಿಂತೆಗೀಡಾದರು. ಹತ್ತು ರೂಪಾಯಿಯ ನೋಟುಪುಸ್ತಕವೊಂದು ಸಾಕು: ತಾರೀಖು, ವಸ್ತು, ಕೊಂಡ ಬೆಲೆ, ಖರ್ಚು, ಮಾರಿದ ಬೆಲೆ, ಯಾರಿಂದ, ಯಾರಿಗೆ.

ಈ ಲೆಕ್ಕವನ್ನು ಮನೆಯ ಮಕ್ಕಳಿಂದಲೇ ಬರೆಯಿಸುವುದು ಇನ್ನೂ ಒಳ್ಳೆಯದು. ಒಂದು ವಸ್ತುವನ್ನು ಕೊಳ್ಳುವಾಗ ಕೊಟ್ಟ ಹಣಕ್ಕೂ ಅದನ್ನು ಮಾರುವಾಗ ಬಂದ ಹಣಕ್ಕೂ ಇರುವ ಅಂತರವನ್ನು ಸ್ವಹಸ್ತದಿಂದ ಬರೆದ ಮಗು, ಮುಂದಿನ ಸಲ ಹೊಸದನ್ನು ಬೇಡುವ ಮುನ್ನ ತಾನಾಗಿಯೇ ಒಂದು ಕ್ಷಣ ಯೋಚಿಸುತ್ತದೆ. ಮರುಮಾರಾಟದಿಂದ ಗಳಿಸುವ ಕುಟುಂಬ ಅನಗತ್ಯ ಖರೀದಿಯಿಂದ ಉಳಿಸುವುದನ್ನೂ ಕಲಿಯುತ್ತದೆ. ಹನಿಗೂಡಿದರೆ ಹಳ್ಳವೆಂಬ ಮಾತಿನಲ್ಲಿ ಈ ಉಳಿಕೆಯ ಹನಿಗಳೂ ಸೇರಿವೆ. ಈ ವಾರ ಬಿಡುವಾದಾಗ ಮನೆಯವರೆಲ್ಲ ಸೇರಿ ಅಟ್ಟ ಹತ್ತಿ, ಧೂಳು ಒರೆಸಿ, ಮೊದಲ ಹತ್ತು ವಸ್ತುಗಳನ್ನು ಕೆಳಗಿಳಿಸಿದರೆ ಈ ಕಾಯಕ ಆರಂಭವಾದಂತೆಯೇ.